ಮೇವು ಕತ್ತರಿಸುವ ಮಷೀನ್ ಕೈಕೊಟ್ಟಾಗ: ಮೊದಲು ರಾಶಿ ನೋಡಿ, ಮೋಟರ್ ಆಮೇಲೆ

ಹೋದ ಮಳೆಗಾಲದಲ್ಲಿ ನಮ್ಮ ಮೇವಿನ ಮಷೀನ್ ಹತ್ತು ನಿಮಿಷ ಓಡಿ ನಿಂತುಬಿಡುತ್ತಿತ್ತು. ಮೋಟರ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಸುಟ್ಟೇ ಹೋಯಿತು ಅಂದುಕೊಂಡು ಬಿಚ್ಚಿ, ಬೈಕಿಗೆ ಕಟ್ಟಿ, ಪೇಟೆಯ ವೈಂಡಿಂಗ್ ಅಂಗಡಿಗೆ ಒಯ್ದೆ. ಎರಡು ದಿನ ಹಸುಗಳಿಗೆ ಸೀಮೆಹುಲ್ಲನ್ನು ಮಚ್ಚಿನಲ್ಲಿ ಕೊಚ್ಚಿ ಹಾಕಿದ್ದಾಯಿತು. ಮೂರನೇ ದಿನ ಅಂಗಡಿಯವರು, "ಮೋಟರ್‌ಗೆ ಏನೂ ಆಗಿಲ್ಲ. ಬ್ಲೇಡ್ ಸಾಣೆ ಹಿಡಿಸಿ ಯಾವ ಕಾಲ ಆಯ್ತು?" ಅಂತ ಕೇಳಿದರು. ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಮೊಂಡು ಬ್ಲೇಡ್ ಮೇವನ್ನು ಕತ್ತರಿಸುವುದಿಲ್ಲ, ಜಜ್ಜಿ ಹರಿಯುತ್ತದೆ. ಅದಕ್ಕೆ ಜಾಸ್ತಿ ಬಲ ಬೇಕು. ಬಲ ಬರುವುದು ಬೆಲ್ಟಿನಿಂದ, ಹಾಗಾಗಿ ಬೆಲ್ಟ್ ಜಾರುತ್ತದೆ. ಬೆಲ್ಟ್ ಬಿಗಿ ಮಾಡಿದರೆ ಮೋಟರ್ ಜಾಸ್ತಿ ಕರೆಂಟ್ ಎಳೆದು ಕಾಯುತ್ತದೆ. ಬೈಗುಳ ಮಾತ್ರ ಮೋಟರ್‌ಗೆ. ಅದಕ್ಕೇ ಇಲ್ಲಿ ಪ್ರತಿ ತೊಂದರೆಯನ್ನೂ ಬ್ಲೇಡಿನ ಕಡೆಯಿಂದ ಹಿಂದಕ್ಕೆ ನೋಡುತ್ತಾ ಹೋಗಿದ್ದೇನೆ. ಕಾಸಿಲ್ಲದೆ ಆಗುವ ಪರೀಕ್ಷೆ ಮೊದಲು, ಮೋಟರ್ ಬಿಚ್ಚುವುದು ಕಡೆಗೆ.

ಇದು ದೊಡ್ಡ ಚಕ್ರಕ್ಕೆ ಎರಡೋ ಮೂರೋ ಬ್ಲೇಡ್ ಕೂರಿಸಿರುವ, ಎರಡು ರೋಲರ್ ಮೇವನ್ನು ಎಳೆದುಕೊಡುವ, 2 ಎಚ್‌ಪಿ ಆಸುಪಾಸಿನ ಮೋಟರ್ ಮಷೀನ್ ಕುರಿತದ್ದು. ರೋಲರ್ ಇಲ್ಲದ, ಮೋಟರ್‌ಗೇ ಬ್ಲೇಡ್ ಕೂರಿಸಿದ ಪುಟ್ಟ ಮಷೀನ್‌ಗಳಿಗೆ ಬ್ಲೇಡ್ ಮತ್ತು ಕರೆಂಟಿನ ಭಾಗ ಅನ್ವಯಿಸುತ್ತದೆ, ರೋಲರಿನದು ಬಿಟ್ಟುಬಿಡಿ.

ಕೈ ಹಾಕುವ ಮುಂಚೆ

ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು, ನಿಮ್ಮ ಕಣ್ಣಿಗೆ ಕಾಣುವ ಜಾಗದಲ್ಲಿ ಇಡಿ. ಕರೆಂಟ್ ಹೋಗಿ ಮಷೀನ್ ನಿಂತಿರುತ್ತದೆ, ಸ್ವಿಚ್ ಹಾಗೇ ಇರುತ್ತದೆ, ನೀವು ಬ್ಲೇಡಿನ ಹತ್ತಿರ ಬಗ್ಗಿರುತ್ತೀರಿ, ಕರೆಂಟ್ ಬರುತ್ತದೆ. ಹಳ್ಳಿಗಳಲ್ಲಿ ಬೆರಳು ಹೋಗುವುದು ಹೀಗೂ ಹೌದು. ಮೂರು ಫೇಸ್ ಮೋಟರ್ ಇದ್ದರೆ ಮೇನ್ ಸ್ವಿಚ್ ಇಳಿಸಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ.

ಕರೆಂಟ್ ತೆಗೆದ ಮೇಲೂ ಚಕ್ರ ತನ್ನ ಭಾರಕ್ಕೆ ಒಂದಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಲ್ಲಲಿ. ಆಮೇಲೆ ಬೆಲ್ಟ್ ಕಳಚಿ, ಚಕ್ರದ ಕಡ್ಡಿಗಳ ನಡುವೆ ಒಂದು ಗಟ್ಟಿ ಮರದ ತುಂಡು ಕೊಡಿ. ಒಂದು ಬ್ಲೇಡ್ ಬಿಚ್ಚಿದ ಕೂಡಲೇ ಭಾರ ಒಂದು ಕಡೆಗಾಗಿ ಚಕ್ರ ತಾನಾಗಿ ಗಿರಕ್ಕನೆ ತಿರುಗುತ್ತದೆ. ಕರೆಂಟೇ ಇಲ್ಲದಿದ್ದರೂ ಬೆರಳು ಕತ್ತರಿಸಲು ಅಷ್ಟು ಸಾಕು.

ಬ್ಲೇಡ್ ಬಿಚ್ಚುವಾಗ ದಪ್ಪ ತೊಗಲಿನ ಗ್ಲೌಸ್ ಹಾಕಿಕೊಳ್ಳಿ. ಮೇವು ಕೊಡುವಾಗ ಮಾತ್ರ ಗ್ಲೌಸ್, ಬಳೆ, ಹೆಗಲ ಮೇಲಿನ ಟವೆಲ್, ಇಳಿಬಿಟ್ಟ ಸೆರಗು ಯಾವುದೂ ಬೇಡ. ರೋಲರ್‌ಗೆ ಬಟ್ಟೆಗೂ ಹುಲ್ಲಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗೊಂತಿನಲ್ಲಿ ದಂಟು ಉಳಿಯುತ್ತಿದೆ, ತುಂಡು ನಾರುನಾರಾಗಿದೆ

ಹೆಚ್ಚಿನವರು ಇದನ್ನು ಮಷೀನಿನ ದೋಷ ಅಂತ ಎಣಿಸುವುದೇ ಇಲ್ಲ. "ಹುಲ್ಲು ಬಲಿತಿದೆ, ಹಸು ತಿನ್ನುತ್ತಿಲ್ಲ" ಅಂತ ಸುಮ್ನಾಗುತ್ತಾರೆ. ಮಷೀನಿನಿಂದ ಬಿದ್ದ ರಾಶಿಯಿಂದ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದು ನೋಡಿ.

ತುಂಡಿನ ತುದಿ ಕತ್ತರಿಯಲ್ಲಿ ಕತ್ತರಿಸಿದಂತೆ ನೀಟಾಗಿದ್ದರೆ ಬ್ಲೇಡ್ ಸರಿಯಿದೆ. ತುದಿ ಒಡೆದು ನಾರು ಎಳೆದಿದ್ದರೆ ಬ್ಲೇಡ್ ಮೊಂಡಾಗಿದೆ, ಇಲ್ಲವೇ ಬ್ಲೇಡಿಗೂ ಕೆಳಗಿನ ಪ್ಲೇಟಿಗೂ (ಮೇವು ಹೊರಬರುವ ಬಾಯಿಯಲ್ಲಿ ಕದಲದೆ ಕೂತಿರುವ ಅಂಚು) ಅಂತರ ಜಾಸ್ತಿಯಾಗಿದೆ. ಸಿಪ್ಪೆ ಕತ್ತರಿಸದೆ ಎರಡು ತುಂಡು ಸರದಂತೆ ಜೋತಾಡುತ್ತಿದ್ದರೆ ಅಂತರದ ಮೇಲೇ ಅನುಮಾನ ಪಡಿ. ಒಂದು ತುಂಡು ಚಿಕ್ಕದು, ಇನ್ನೊಂದು ಅದರ ಎರಡರಷ್ಟು ಉದ್ದ ಇದ್ದರೆ ಬ್ಲೇಡುಗಳಲ್ಲಿ ಒಂದು ಸರಿಯಾಗಿ ಕತ್ತರಿಸುತ್ತಿಲ್ಲ. ಎರಡು ಬ್ಲೇಡಿನ ಮಷೀನಿನಲ್ಲಿ ಎಲ್ಲ ತುಂಡೂ ಮೊದಲಿನ ಎರಡರಷ್ಟಾಗಿದ್ದರೆ ಒಂದು ಬ್ಲೇಡ್ ಏನೂ ಕತ್ತರಿಸುತ್ತಿಲ್ಲ. ಅಷ್ಟಿಲ್ಲದೆ ಎಲ್ಲ ತುಂಡೂ ಒಂದೇ ಸಮ ಸ್ವಲ್ಪ ಉದ್ದ ಅಂದರೆ ಸಾಮಾನ್ಯವಾಗಿ ದೋಷವೇ ಇಲ್ಲ, ಅಳತೆಯ ಗೇರ್ ಬದಲಾಗಿರುತ್ತದೆ. ಮನೆಯಲ್ಲಿ ಯಾರೋ ಲಿವರ್ ಎಳೆದಿರುತ್ತಾರೆ.

ಮುಂದಿನದು ಪೇಪರ್ ಪರೀಕ್ಷೆ. ಪ್ಲಗ್ ಕಿತ್ತು, ಬೆಲ್ಟ್ ಕಳಚಿ. ಹಳೇ ನ್ಯೂಸ್‌ಪೇಪರನ್ನು ಎರಡು ಮಡಿಕೆ ಮಾಡಿ, ಉದ್ದನೆಯ ಪಟ್ಟಿ ಹರಿದು, ಪ್ಲೇಟಿನ ಅಂಚಿನ ಮೇಲೆ ಚಾಚಿ. ಪಟ್ಟಿ ಒಂದಡಿಯಾದರೂ ಉದ್ದ ಇರಲಿ, ಕೈ ದೂರ ಇರಲಿ. ಇನ್ನೊಬ್ಬರು ಚಕ್ರವನ್ನು ಕೋಲಿನಿಂದ ನಿಧಾನಕ್ಕೆ ತಿರುಗಿಸಲಿ. ಬ್ಲೇಡಿನ ಬುಡ, ನಡು, ತುದಿ ಮೂರು ಜಾಗದಲ್ಲೂ ಪೇಪರ್ ಕಚಕ್ ಅಂತ ತುಂಡಾಗಬೇಕು. ಬುಡದಲ್ಲಿ ಕತ್ತರಿಸಿ ತುದಿಯಲ್ಲಿ ಮಡಚಿಕೊಂಡರೆ ಬ್ಲೇಡ್ ಓರೆಯಾಗಿ ಕೂತಿದೆ. ಎಲ್ಲ ಕಡೆ ಮಡಚಿಕೊಂಡರೆ ಸಾಣೆ ಬೇಕು, ಇಲ್ಲವೇ ಅಂತರ ಜಾಸ್ತಿಯಾಗಿದೆ. ಪ್ರತಿ ಬ್ಲೇಡಿಗೂ ಬೇರೆಬೇರೆಯಾಗಿ ಇದನ್ನು ಮಾಡಿ.

ಅಂತರ ಎಷ್ಟಿರಬೇಕು? ಮುಟ್ಟಬಾರದು, ಆದರೆ ಮುಟ್ಟಿಯೇಬಿಟ್ಟಿತು ಅನ್ನಿಸುವಷ್ಟು ಹತ್ತಿರ ಇರಬೇಕು. ಮದುವೆ ಕಾರ್ಡಿನ ದಪ್ಪ ಅಂತ ಇಟ್ಟುಕೊಳ್ಳಿ, ಅರ್ಧ ಮಿಲಿಮೀಟರ್ ಆಸುಪಾಸು. ಬ್ಲೇಡಿನ ಹಿಂದೆ ಅದನ್ನು ಮುಂದಕ್ಕೆ ತಳ್ಳುವ ಸಣ್ಣ ಸ್ಕ್ರೂಗಳಿರುತ್ತವೆ. ಬ್ಲೇಡಿನ ಬೋಲ್ಟ್ ಸ್ವಲ್ಪ ಸಡಿಲಿಸಿ, ಆ ಸ್ಕ್ರೂಗಳನ್ನು ಕಾಲು ಸುತ್ತು ಕಾಲು ಸುತ್ತಾಗಿ ತಿರುಗಿಸಿ, ಬೋಲ್ಟ್ ಮತ್ತೆ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಅಂತರ ಸ್ವಲ್ಪ ಬದಲಾಗುತ್ತದೆ, ಆಗಲೇ ಅಳೆಯಬೇಕು. ಕಡೆಗೆ ಕೋಲಿನಿಂದ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸಿ ಕಿವಿಗೊಡಿ. ಎಲ್ಲೂ ಕರಕರ ಅನ್ನಬಾರದು. ಎಲ್ಲಾದರೂ ತಾಗಿದರೆ ಸ್ಕ್ರೂ ಹಿಂದಕ್ಕೆ ತಗೊಳ್ಳಿ. ಅದನ್ನು ನೋಡದೆ ಮೋಟರ್ ಹಾಕಬೇಡಿ.

ಸಾಣೆ ವಿಷಯದಲ್ಲಿ ತಪ್ಪು ಮಾಡುವವರೇ ಜಾಸ್ತಿ. ಬ್ಲೇಡಿಗೆ ಒಂದು ಕಡೆ ಇಳಿಜಾರು, ಒಂದು ಕಡೆ ಚಪ್ಪಟೆ. ಇಳಿಜಾರಿನ ಕಡೆ ಮಾತ್ರ ಸಾಣೆ. ಚಪ್ಪಟೆ ಕಡೆ ಎದ್ದ ಮುಳ್ಳನ್ನು ಕಲ್ಲಿನ ಮೇಲೆ ಎರಡು ಸಲ ಎಳೆದು ತೆಗೆಯಿರಿ, ಅಷ್ಟೇ. ಆ ಕಡೆಯೂ ಉಜ್ಜಿದರೆ ಬ್ಲೇಡ್ ಪ್ಲೇಟಿನಿಂದ ದೂರ ಸರಿಯುತ್ತದೆ. ಗ್ರೈಂಡರ್ ಚಕ್ರಕ್ಕೆ ಒತ್ತಿ ಹಿಡಿದು ಅಂಚು ನೀಲಿಗಟ್ಟಿದರೆ ಹದ ಹೋಯಿತು ಅಂತ ಲೆಕ್ಕ. ಆಮೇಲೆ ಎಷ್ಟು ಸಾಣೆ ಹಿಡಿದರೂ ಎರಡು ದಿನಕ್ಕೆ ಮೊಂಡು. ಆಗಾಗ ನೀರಿಗೆ ಅದ್ದುತ್ತಾ ಹಿಡಿಯಬೇಕು. ನನಗೆ ಕೇಳಿದರೆ ಗ್ರೈಂಡರಿಗಿಂತ ಚಪ್ಪಟೆ ಅರ ವಾಸಿ. ಅರ್ಧ ಗಂಟೆ ಕೈ ನೋಯುತ್ತದೆ, ಬ್ಲೇಡ್ ಉಳಿಯುತ್ತದೆ. ಯಾವುದರಲ್ಲಿ ಮಾಡಿದರೂ ಎಲ್ಲ ಬ್ಲೇಡನ್ನೂ ಒಂದೇ ಸಮ ಸವೆಸಿ. ಒಂದು ಹಗುರ ಒಂದು ಭಾರ ಆದರೆ ಚಕ್ರ ಕುಣಿಯುತ್ತದೆ.

ಎಷ್ಟು ದಿನಕ್ಕೊಮ್ಮೆ ಸಾಣೆ ಅಂತ ಲೆಕ್ಕ ಕೊಡೋಕೆ ಬರುವುದಿಲ್ಲ, ಮೇವಿನ ಮೇಲೆ ಹೋಗುತ್ತದೆ. ಹಸಿ ಸೀಮೆಹುಲ್ಲು ಬ್ಲೇಡಿಗೆ ಮೃದು. ಒಣಗಿದ ಜೋಳದ ಸಪ್ಪೆ (ಉತ್ತರದ ಕಡೆಯವರ ಕಣಿಕೆ) ಗಡಸು. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶವೇ ಇರುತ್ತದೆ, ಬ್ಲೇಡನ್ನು ಬೇಗ ತಿನ್ನುತ್ತದೆ. ಬುಡಸಮೇತ ಕಿತ್ತು, ಮಣ್ಣು ಕೊಡವದೆ ಹಾಕಿದ ಮೇವು ಎಲ್ಲಕ್ಕಿಂತ ಕೆಟ್ಟದ್ದು.

ಸಾಣೆ ಹಿಡಿದು, ಅಂತರ ಸರಿಮಾಡಿದರೂ ನಾರು ಬರುತ್ತಿದ್ದರೆ ಕೆಳಗಿನ ಪ್ಲೇಟ್ ನೋಡಿ. ಅದರ ಅಂಚೂ ಚೂಪಾಗಿರಬೇಕು. ಬೆರಳು ಹಾಯಿಸಬೇಡಿ, ಟಾರ್ಚ್ ಬಿಟ್ಟು ನೋಡಿ. ಅಂಚು ದುಂಡಗಾಗಿ ಮಿರಿಮಿರಿ ಅಂದರೆ ಸವೆದಿದೆ. ಕೆಲವು ಮಷೀನ್‌ಗಳಲ್ಲಿ ಪ್ಲೇಟನ್ನು ತಿರುಗಿಸಿ ಹಾಕಿ ಇನ್ನೊಂದು ಅಂಚನ್ನು ಬಳಸಬಹುದು.

ಮೇವು ಒಳಗೆ ಹೋಗುತ್ತಿಲ್ಲ, ಅಥವಾ ರೋಲರ್‌ಗೆ ಸುತ್ತಿಕೊಳ್ಳುತ್ತಿದೆ

ಮೊದಲ ಮಾತು: ಕೈಯಿಂದ ದಬ್ಬಬೇಡಿ. ಜಾರುತ್ತಿದ್ದ ಮೇವನ್ನು ರೋಲರ್ ಒಂದು ಕ್ಷಣದಲ್ಲಿ ಗಬಕ್ಕನೆ ಹಿಡಿಯುತ್ತದೆ. ನಿಮ್ಮ ಕೈ ಅಷ್ಟು ಬೇಗ ವಾಪಸ್ ಬರುವುದಿಲ್ಲ. ಗಟ್ಟಿ ಜೋಳದ ದಂಟಿನಿಂದಲೋ ಮರದ ಕೋಲಿನಿಂದಲೋ ತಳ್ಳಿ, ಅದೂ ಬಾಯಿಯಿಂದ ದೂರ ನಿಂತು. ರಿವರ್ಸ್ ಲಿವರ್ ಇದ್ದರೆ ಮೊದಲು ಅದನ್ನು ಬಳಸಿ.

ಹಸಿ ರಾಗಿ ಹುಲ್ಲು ಸುತ್ತಿಕೊಳ್ಳುವುದರಲ್ಲಿ ಎತ್ತಿದ ಕೈ. ತೆಳ್ಳಗೆ, ಉದ್ದ, ಜಾರಿಕೆ. ಅದನ್ನು ನಾಲ್ಕು ದಂಟು ಸೀಮೆಹುಲ್ಲಿನ ಜೊತೆ ಸೇರಿಸಿ ಕೊಟ್ಟರೆ ಅರ್ಧ ತೊಂದರೆ ಮುಗಿಯುತ್ತದೆ. ಬುಡ ಮುಂದಾಗಿ ಕೊಡಿ, ಗರಿ ಮುಂದಾಗಿ ಅಲ್ಲ.

ಆಮೇಲೂ ಜಾರಿದರೆ ಪ್ಲಗ್ ಕಿತ್ತು ರೋಲರ್ ಹಲ್ಲು ನೋಡಿ. ಹುಲ್ಲಿನ ರಸ, ಮಣ್ಣು ಸೇರಿ ಹಲ್ಲಿನ ಸಂದು ಸಿಮೆಂಟಿನಂತೆ ತುಂಬಿರುತ್ತದೆ. ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯಿರಿ. ಹಲ್ಲು ಸ್ವಚ್ಛ ಇದ್ದೂ ಜಾರಿದರೆ ಮೇಲಿನ ರೋಲರನ್ನು ಒತ್ತುವ ಸ್ಪ್ರಿಂಗ್ ನೋಡಿ. ಎರಡೂ ಪಕ್ಕದ ಸ್ಪ್ರಿಂಗ್ ಒಂದೇ ಉದ್ದ ಇರಬೇಕು. ಒಂದು ಸಡಿಲವಾದರೆ ಮೇವು ಒಂದೇ ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ.

ಚಕ್ರ ತಿರುಗುತ್ತಿದೆ, ರೋಲರ್ ಮಾತ್ರ ಅಲ್ಲಾಡುತ್ತಿಲ್ಲ ಅಂದರೆ ಲಿವರ್ ನ್ಯೂಟ್ರಲ್‌ನಲ್ಲಿದೆಯಾ ಅಂತ ಮೊದಲು ನೋಡಿ. ನಗಬೇಡಿ, ಇದಕ್ಕಾಗಿ ಮೆಕ್ಯಾನಿಕ್ ಕರೆಸಿದ ಮನೆ ನನಗೆ ಗೊತ್ತು. ಲಿವರ್ ಸರಿಯಿದ್ದರೆ ಶಾಫ್ಟಿನ ಕೀ ಅಥವಾ ಪಿನ್ ತುಂಡಾಗಿದೆ. ದಪ್ಪ ಬೇರೋ ಕಲ್ಲೋ ಸಿಕ್ಕಾಗ ಗೇರ್ ಒಡೆಯದಿರಲಿ ಅಂತ ಕೆಲವು ಮಷೀನ್‌ಗಳಲ್ಲಿ ಮೆತ್ತನೆಯ ಪಿನ್ ಹಾಕಿರುತ್ತಾರೆ. ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಗೇರ್ ಹೋಗುತ್ತದೆ.

ಮೋಟರ್ ಓಡುತ್ತಿದೆ, ಚಕ್ರ ಸೋಲುತ್ತಿದೆ, ರಬ್ಬರ್ ಸುಟ್ಟ ವಾಸನೆ

ಬೆಲ್ಟ್ ಜಾರುತ್ತಿದೆ. ಬಿಗಿ ಮಾಡುವ ಮುಂಚೆ ಬ್ಲೇಡ್ ಪರೀಕ್ಷೆ ಮುಗಿಸಿಕೊಂಡಿದ್ದೀರಾ? ಇಲ್ಲದಿದ್ದರೆ ಹಿಂದಕ್ಕೆ ಹೋಗಿ.

ಪ್ಲಗ್ ಕಿತ್ತು, ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ. ಅರ್ಧ ಇಂಚಿನಷ್ಟು ಬಗ್ಗಿದರೆ ಸರಿ. ಜಾಸ್ತಿ ಬಗ್ಗಿದರೆ ಮೋಟರ್ ಅಡಿಯ ಬೋಲ್ಟ್ ಸಡಿಲಿಸಿ ಹಿಂದಕ್ಕೆ ಎಳೆಯಿರಿ. ಸಿತಾರಿನ ತಂತಿಯಂತೆ ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ. ಎರಡು ಪುಲ್ಲಿಗೂ ತಾಗುವಂತೆ ಒಂದು ದಾರ ಎಳೆದು ಹಿಡಿದರೆ ಸಾಲು ನೇರ ಇದೆಯಾ ಅಂತ ಗೊತ್ತಾಗುತ್ತದೆ. ಬೆಲ್ಟ್ ಪಕ್ಕ ಕನ್ನಡಿಯಂತೆ ಹೊಳೆಯುತ್ತಿದ್ದರೆ, ಒಳಗೆ ಬಿರುಕು ಬಿಟ್ಟಿದ್ದರೆ ಬದಲಿಸಿ. ಎರಡು ಬೆಲ್ಟ್ ಇರುವ ಮಷೀನಿಗೆ ಎರಡನ್ನೂ ಒಟ್ಟಿಗೇ ಹಾಕಿ. ಹಿಡಿತಕ್ಕೆ ಅಂತ ರಾಳ, ಡಾಂಬರು ಬಳಿಯಬೇಡಿ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಐದು ಸೆಕೆಂಡಿನೊಳಗೆ ಆಫ್ ಮಾಡಿ. ಹಾಗೇ ಬಿಟ್ಟರೆ ಚೆನ್ನಾಗಿರುವ ವೈಂಡಿಂಗ್ ಸುಡುತ್ತದೆ. ಕೈಯಿಂದ ಚಕ್ರ ತಳ್ಳಿ ಸ್ಟಾರ್ಟ್ ಮಾಡುವ ಅಭ್ಯಾಸ ಕೆಲವರಿಗಿದೆ. ಫ್ಯಾನಿಗೆ ಅದು ನಡೆಯಬಹುದು. ಬ್ಲೇಡ್ ಇರುವ ಚಕ್ರಕ್ಕೆ ಯಾವತ್ತೂ ಬೇಡ.

ಪ್ಲಗ್ ಕಿತ್ತು ಬೆಲ್ಟ್ ಕಳಚಿ. ಚಕ್ರ ಬೇರೆ, ಮೋಟರ್ ಬೇರೆ ಆಯಿತು. ಕೋಲಿನಿಂದ ಚಕ್ರ ತಿರುಗಿಸಿ. ಹೊರಳದಿದ್ದರೆ ಮೇವು ಸಿಕ್ಕಿದೆ, ಬ್ಲೇಡ್ ಪ್ಲೇಟಿಗೆ ಕಚ್ಚಿದೆ, ಇಲ್ಲವೇ ಬೇರಿಂಗ್ ಹಿಡಿದಿದೆ. ಚಕ್ರ ಸಲೀಸಾಗಿದ್ದರೆ ಮೋಟರ್ ಒಂದನ್ನೇ, ಬೆಲ್ಟ್ ಇಲ್ಲದೆ, ದೂರ ನಿಂತು ಆನ್ ಮಾಡಿ. ಆಗ ಸಲೀಸಾಗಿ ಓಡಿದರೆ ಹೊರೆ ಹೊರಲು ಅದಕ್ಕೆ ವೋಲ್ಟೇಜ್ ಸಾಲುತ್ತಿಲ್ಲ. ಆಗಲೂ ಗುಂಯ್ ಅಂದರೆ ಕೆಪಾಸಿಟರ್ (ಮೋಟರ್ ತಿರುಗಲು ಶುರುಮಾಡಿಸುವ ಡಬ್ಬಿ) ಮೇಲೆ ಅನುಮಾನ.

ವೋಲ್ಟೇಜ್ ಲೆಕ್ಕ ಸ್ವಲ್ಪ ಕೇಳಿ. 230 ಇರಬೇಕಾದ್ದು 180ಕ್ಕೆ ಇಳಿದರೆ ಮೋಟರಿನ ತಿರುಗಿಸುವ ಬಲ ನೂರರಲ್ಲಿ ಸುಮಾರು 60 ಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಎಷ್ಟೋ ಮನೆಗಳಲ್ಲಿ ವೋಲ್ಟೇಜ್ ಕುಗ್ಗಿಸುವುದು ವಿದ್ಯುತ್ ಕಂಪನಿ ಅಲ್ಲ, ನಾವೇ. 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, ಸ್ಟಾರ್ಟ್ ಆಗುವಾಗ ಅದರ ಐದು ಪಟ್ಟು. ಮನೆಯಿಂದ ಕೊಟ್ಟಿಗೆಗೆ 100 ಅಡಿ ದೂರ 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದಿದ್ದರೆ ಸ್ಟಾರ್ಟ್ ಆಗುವ ಹೊತ್ತಿಗೆ ಆ ವೈರಿನಲ್ಲೇ 35 ವೋಲ್ಟ್ ಕರಗಿಹೋಗುತ್ತದೆ. 4 ಚದರ ಮಿಲಿಮೀಟರಿನ ವೈರಿಗೆ 15ರ ಒಳಗೆ. ಸಾಕೆಟ್ ಕೂಡ 6 ಆಂಪಿಯರಿನದು ನಡೆಯುವುದಿಲ್ಲ, 16ರದು ಬೇಕು. ಓಡಿಸಿದ ಮೇಲೆ ಪ್ಲಗ್ ಕಿತ್ತು ಮುಟ್ಟಿದಾಗ ಅದರ ಪಿನ್ ಬಿಸಿ ಇದ್ದರೆ ಹಿಡಿತ ಸಡಿಲವಾಗಿ ಅಲ್ಲೇ ವೋಲ್ಟೇಜ್ ಕರಗುತ್ತಿದೆ ಅಂತ ತಿಳಿಯಿರಿ. ಸಂಜೆ ಎಲ್ಲರ ಮನೆಯಲ್ಲೂ ಹೊರೆ ಇರುವಾಗ ಓಡದ ಮಷೀನ್ ಮಧ್ಯಾಹ್ನ ಸಲೀಸಾಗಿ ಓಡಿದರೆ ಲೈನಿನದೇ ತಪ್ಪು. ಲೈನ್ ಸರಿಯಾಗುವವರೆಗೆ ಮಧ್ಯಾಹ್ನವೇ ಕತ್ತರಿಸಿ ಇಡಿ.

ಕೆಪಾಸಿಟರ್, ನಮ್ಮ ಕಡೆ ಕಂಡೆನ್ಸರ್. ಡಬ್ಬಿ ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ, ಸುಟ್ಟ ಕಲೆ ಇದ್ದರೆ ಹೋಗಿದೆ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಕೂತಿರುತ್ತದೆ, ಬರಿಗೈಯಲ್ಲಿ ಅದರ ತುದಿ ಮುಟ್ಟಬೇಡಿ. ಹಳೇ 100 ವಾಟ್ ಬಲ್ಬಿನ ಎರಡು ವೈರನ್ನು ಎರಡು ತುದಿಗೆ ಸ್ವಲ್ಪ ಹೊತ್ತು ತಾಗಿಸಿದರೆ ಇಳಿಯುತ್ತದೆ. ಈ ಕೆಲಸ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ ಕೈಗೆ ಕೊಡುವುದು ವಾಸಿ. ಹೊಸದು ತರುವಾಗ ಡಬ್ಬಿಯ ಮೇಲಿನ ಮೈಕ್ರೊಫ್ಯಾರಡ್ ಸಂಖ್ಯೆ ಅದೇ ಇರಬೇಕು, ವೋಲ್ಟ್ ಸಂಖ್ಯೆ ಅಷ್ಟೇ ಅಥವಾ ಜಾಸ್ತಿ ಇರಬಹುದು. ನೂರಿನ್ನೂರು ರೂಪಾಯಿಯ ಮಾಲಿಗೆ ವೈಂಡಿಂಗ್ ಬಿಲ್ ಕಟ್ಟಿದವರು ಬೇಕಾದಷ್ಟಿದ್ದಾರೆ. ಮೋಟರ್ ನಿಲ್ಲುವಾಗ ಒಳಗೆ ಟಕ್ ಅಂತ ಒಂದು ಸಣ್ಣ ಸದ್ದು ಬರುವ ಮೋಟರ್‌ಗಳಿವೆ. ಅದು ಒಳಗಿನ ಸ್ವಿಚ್. ಆ ಸದ್ದು ಬರುವುದು ನಿಂತಿದ್ದರೆ ಮೋಟರ್ ಬಿಚ್ಚಲೇಬೇಕು, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು.

ಮೂರು ಫೇಸ್ ಮೋಟರ್ ಗುಂಯ್ ಅಂದರೆ ಒಂದು ಫೇಸ್ ಬರುತ್ತಿಲ್ಲ. ಪಂಪ್‌ಸೆಟ್ಟಿಗೆ ಮಾಡುವಂತೆ ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲಿ ಓಡಿಸಲು ಹೋಗಬೇಡಿ.

ತಿರುಗುತ್ತಿದೆ, ಆದರೆ ಉಲ್ಟಾ

ಹೆಚ್ಚಾಗಿ ಮೂರು ಫೇಸ್ ಮೋಟರ್‌ಗೆ ಹೀಗಾಗುತ್ತದೆ, ಅದೂ ಲೈನ್‌ಮನ್ ಟ್ರಾನ್ಸ್‌ಫಾರ್ಮರ್ ಹತ್ತಿರ ಕೆಲಸ ಮಾಡಿ ಹೋದ ಮಾರನೇ ದಿನ. ಬ್ಲೇಡಿನ ಬೆನ್ನು ಮೇವಿಗೆ ಬಡಿಯುತ್ತದೆ, ರೋಲರ್ ಹೊರಕ್ಕೆ ನೂಕುತ್ತದೆ. ಸ್ಟಾರ್ಟರಿನಲ್ಲಿ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿದರೆ ಸರಿಯಾಗುತ್ತದೆ. ಎಲೆಕ್ಟ್ರಿಷಿಯನ್‌ಗೆ ಐದು ನಿಮಿಷದ ಕೆಲಸ.

ಟಕ್ ಟಕ್ ಸದ್ದು, ಮಷೀನ್ ಕುಣಿತ

ಇಲ್ಲಿ ಪರೀಕ್ಷೆ ಆಮೇಲೆ. ಮೊದಲು ಆಫ್ ಮಾಡಿ, ಚಕ್ರದ ಸಾಲಿನಿಂದ ಪಕ್ಕಕ್ಕೆ ಸರಿಯಿರಿ. ಕಳಚಿದ ಬ್ಲೇಡ್ ಚಕ್ರದ ನೇರಕ್ಕೇ ಹಾರುವುದು.

ಚಕ್ರ ನಿಂತ ಮೇಲೆ ಪ್ಲಗ್ ಕಿತ್ತು ಬ್ಲೇಡಿನ ಒಂದೊಂದು ಬೋಲ್ಟಿಗೂ ಸ್ಪ್ಯಾನರ್ ಹಾಕಿ. ಹೊಸ ಮಷೀನಿನಲ್ಲಿ, ಸಾಣೆ ಹಿಡಿಸಿದ ಮಾರನೇ ದಿನ ಬೋಲ್ಟ್ ಸಡಿಲವಾಗುವುದು ಮಾಮೂಲು. ಕಳೆದುಹೋದ ಬೋಲ್ಟಿನ ಜಾಗಕ್ಕೆ ಮನೆಯಲ್ಲಿ ಬಿದ್ದಿದ್ದ ಯಾವುದೋ ಬೋಲ್ಟ್ ಹಾಕಬೇಡಿ. ತಲೆಯ ಮೇಲೆ 8.8 ಅಂತ ಒತ್ತಿರುವುದು ಗಟ್ಟಿ ಬೋಲ್ಟ್, ಕನಿಷ್ಠ ಅದಾದರೂ ಬೇಕು. ಮೂಲದಲ್ಲಿ ಅದಕ್ಕಿಂತ ಗಟ್ಟಿಯದಿದ್ದರೆ ಅದೇ ತನ್ನಿ.

ಬೋಲ್ಟ್ ಬಿಗಿ ಇದ್ದೂ ಕುಣಿದರೆ ನೆಲಕ್ಕೆ ಹಾಕಿದ ಬೋಲ್ಟ್ ನೋಡಿ. ಆಮೇಲೆ ಬ್ಲೇಡಿನ ತೂಕ ವ್ಯತ್ಯಾಸ ನೋಡಿ, ಅಂಗಡಿಯ ತಕ್ಕಡಿ ಸಾಕು. ಚಕ್ರವನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಬೇರಿಂಗ್.

ಬ್ಲೇಡಿನಲ್ಲೋ ಚಕ್ರದಲ್ಲೋ ಬಿರುಕು ಕಂಡರೆ ಮಷೀನ್ ಅಲ್ಲಿಗೆ ಬಂದ್. ಎರಕದ ಚಕ್ರಕ್ಕೆ ವೆಲ್ಡಿಂಗ್ ಮಾಡಿಸಿ ಓಡಿಸುವ ಆಲೋಚನೆ ಬೇಡ. ಬ್ಲೇಡಿನ ಚೂರು ಮುರಿದಿದ್ದರೆ ಆವತ್ತಿನ ರಾಶಿಯನ್ನೇ ಎಸೆಯಿರಿ. ಹಸು ಹುಲ್ಲನ್ನು ಆರಿಸಿ ತಿನ್ನುವುದಿಲ್ಲ, ನುಂಗುತ್ತದೆ. ಕಬ್ಬಿಣದ ಚೂರು, ಕಟ್ಟುವ ತಂತಿ ಹೊಟ್ಟೆಯ ಎರಡನೇ ಕೋಣೆಯಲ್ಲಿ ಕೂತು, ಚುಚ್ಚಿ, ಹೃದಯದ ಚೀಲದವರೆಗೂ ಹೋಗುತ್ತದೆ. ಒಂದು ಹೊರೆ ಹುಲ್ಲಿಗೆ ಹಸು ಕಳೆದುಕೊಳ್ಳುವುದು ಯಾವ ಲೆಕ್ಕ?

ಮೈ ಮುಟ್ಟಿದರೆ ಜುಂ ಅನ್ನುತ್ತದೆ

ಸಣ್ಣ ಜುಂ, ದೊಡ್ಡ ಜುಂ ಅಂತ ಇಲ್ಲ. ಗಂಜಲ, ನೀರು ಇರುವ ಕೊಟ್ಟಿಗೆಯಲ್ಲಿ ಬರಿಗಾಲಲ್ಲಿ ನಿಂತಿರುತ್ತೀರಿ. ಮಷೀನ್ ಮುಟ್ಟದೆ ಮೇನ್ ಇಳಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ. ಅರ್ಥಿಂಗ್ ಸರಿ ಮಾಡಿಸಿ, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನಾಗಿ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಇಲ್ಲಿ ನೀವು ಮಾಡುವ ಪರೀಕ್ಷೆ ಯಾವುದೂ ಇಲ್ಲ.

ಕೈ ಸಿಕ್ಕಿಕೊಂಡರೆ

ಕರೆಂಟ್ ತೆಗೆಯಿರಿ. ಮೋಟರ್ ಹಾಕಿ ರಿವರ್ಸ್ ಮಾಡಬೇಡಿ. ರೋಲರಿನ ಸ್ಪ್ರಿಂಗ್ ಸಡಿಲಿಸಿ, ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಬಿಡಿಸಿ. ಗಾಯದ ಮೇಲೆ ಶುದ್ಧ ಬಟ್ಟೆ ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಎತ್ತರದಲ್ಲಿಡಿ, 108ಕ್ಕೆ ಫೋನ್ ಮಾಡಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ, ಆ ಕವರನ್ನು ಐಸ್ ಇರುವ ಇನ್ನೊಂದು ಕವರಿನಲ್ಲಿಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು. ಅರಿಶಿನ, ಕಾಫಿಪುಡಿ ಏನೂ ಬೇಡ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ

ವಾರಂಟಿ ಅವಧಿ ಮುಗಿದಿಲ್ಲದಿದ್ದರೆ ಮೋಟರ್ ನೀವು ಬಿಚ್ಚಬೇಡಿ, ಬಿಲ್ ಹುಡುಕಿ ಇಟ್ಟುಕೊಳ್ಳಿ. ಮೋಟರಿನ ಮೇಲಿನ ತಗಡಿನ ಫಲಕ, ಬೆಲ್ಟಿನ ಮೇಲಿನ ನಂಬರ್, ಕೆಪಾಸಿಟರ್ ಡಬ್ಬಿ ಮೂರರದೂ ಫೋಟೊ ತೆಗೆದು ಕಳಿಸಿದರೆ ಅವರು ಸರಿಯಾದ ಸಾಮಾನು ತಂದೇ ಬರುತ್ತಾರೆ. ಸದ್ದಿದ್ದರೆ ಹತ್ತು ಸೆಕೆಂಡಿನ ವಿಡಿಯೊ ಮಾಡಿ, ದೂರದಿಂದ. ಕತ್ತರಿಸಿದ ಮೇವನ್ನು ಅಂಗೈಯಲ್ಲಿ ಹಿಡಿದ ಒಂದು ಫೋಟೊವನ್ನೂ ಸೇರಿಸಿ. ನಮ್ಮ ವೈಂಡಿಂಗ್ ಅಂಗಡಿಯವರು ಈಗ ಮೊದಲು ಕೇಳುವುದೇ ಅದನ್ನು.